ಊರಿಗಾಂನ ದೊಡ್ಡೋರು

ಪೆರುಮಾಳ್ ಒಂದು ಕೋಳಿ ಕೊಯ್ಯುವುದಕ್ಕೂ ಪಕ್ಕದ ಮನೆಯ ಆರುಮುಗಂನನ್ನು ಕರೆಯುವ ಮನುಷ್ಯ. ಆರುಮುಗಂ ಕೆಲಸ ಮುಗಿಸುವ ತನಕ ಇವನು ಬೀದಿಯ ನಲ್ಲಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿರುತ್ತಾನೆ. ಆಮೇಲೆ ಸಾರು ಸುರಿದುಕೊಂಡು ಉಣ್ಣುವುದರಲ್ಲಿ ಮಾತ್ರ ಯಾರಿಗೂ ಕಮ್ಮಿಯಿಲ್ಲ. ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ, ಗಣಿಯಾಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ, ಇದು ಮಕ್ಕಳಿಗೂ ಗೊತ್ತಿರುವ ತಮಾಷೆ. ಅಂಥವನು ಒಂದು ಭಾನುವಾರದ ಸಂಜೆ, ಲೋಟದ ಕಾಫಿ ಆರುವುದರೊಳಗೆ, ನಾಡಿಗೆಲ್ಲ ರೌಡಿಯಾಗಿಬಿಟ್ಟ.

ಆದದ್ದಿಷ್ಟೇ. ಮಗ ಮುನೀಂದ್ರ ಬಂಗಾರಪೇಟೆಯ ಜಿಮ್ಮೊಂದರಲ್ಲಿ ಹುಡುಗರಿಗೆ ಕಸರತ್ತು ಹೇಳಿಕೊಡುತ್ತಿದ್ದವನು, 'ಎಂಟೆದೆ ಕೋಟೆ' ಎಂಬ ಟೀವಿ ಆಟಕ್ಕೆ ಆಯ್ಕೆಯಾದ. ಊರಿಗೊಬ್ಬರಂತೆ ಹಿಡಿದು ತಂದು, ಫೋನು ಕಿತ್ತಿಟ್ಟುಕೊಂಡು, ದೊಡ್ಡ ಗೋಡೆಯೊಳಗೆ ಕೂಡಿಹಾಕಿ, ಅವರು ಕಿತ್ತಾಡುವುದನ್ನು ಊಟದ ಹೊತ್ತಿಗೆ ಜನಕ್ಕೆ ತೋರಿಸುವ ಆಟ ಅದು. ವಾರವಾರವೂ ಜನ ಓಟು ಹಾಕಬೇಕು. ಓಟು ಬೀಳದವನು ಗಂಟುಮೂಟೆ ಕಟ್ಟಿಕೊಂಡು ಮನೆಗೆ. ಆಡುವವರು ಮನುಷ್ಯರಾದರೂ ಅಲ್ಲಿ ಬೆಲೆಯಿದ್ದದ್ದು ಊರಿಗೆ. ಕರಾವಳಿಯವಳಿಗೆ ಜಂಬ, ಬಯಲುಸೀಮೆಯವನಿಗೆ ಮುಗ್ಧತೆ, ಬೆಂಗಳೂರಿನವಳಿಗೆ ಇಂಗ್ಲಿಷು ಎಂದು ಒಬ್ಬೊಬ್ಬರಿಗೂ ಮೊದಲೇ ಅಂಗಿ ಹೊಲಿದಿಟ್ಟಿದ್ದರು. ಗಣಿ ಊರಿನ ತಮಿಳು ಹುಡುಗನಿಗೆ ಯಾವ ಅಂಗಿ ಎಂದು ಬಿಡಿಸಿ ಹೇಳಬೇಕೆ?

ಆಟ ಶುರುವಾಗುವ ಮುಂಚೆ ಶೋದವರು ಕ್ಯಾಮೆರಾ ಹೊತ್ತುಕೊಂಡು ಮನೆಗೂ ಬಂದಿದ್ದರು. ಮೈನ್ಸ್ ಮುಚ್ಚಿದ ಮೇಲೆ ಪೆರುಮಾಳ್ ಹೆಂಡತಿ ಸೆಲ್ವಿಯಿಂದಲೇ ಹೊಲಿಗೆ ಕಲಿತು ಟೈಲರ್ ಆದವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನ ಎಡಹುಬ್ಬಿನಿಂದ ದವಡೆಯ ತನಕ ಒಂದು ಉದ್ದದ ಗಾಯದ ಗುರುತಿದೆ. ಗಣಿಯ ಆಳದಲ್ಲಿ ಬಂಡೆ ತನ್ನಷ್ಟಕ್ಕೆ ಸಿಡಿಯುವುದಕ್ಕೆ ಇಲ್ಲಿಯವರು ಏರ್‌ಬ್ಲಾಸ್ಟ್ ಎನ್ನುತ್ತಾರೆ. ಅಂಥ ಒಂದು ಏರ್‌ಬ್ಲಾಸ್ಟಿನಲ್ಲಿ ಚೂರು ಬಡಿದು ಆದ ಗಾಯ. ಶೋದವರ ಕಣ್ಣು ನೇರವಾಗಿ ಅದರ ಮೇಲೇ ಬಿತ್ತು. "ಅಂಕಲ್, ಲುಂಗಿ ಎತ್ತಿ ಕಟ್ಕೊಳ್ಳಿ. ಬಟ್ಟೆ ಕತ್ತರಿಸೋ ದೊಡ್ಡ ಕತ್ತರಿ ಕೈಯಲ್ಲಿರಲಿ. ಹಾಗೇ ಬೀದಿಯಲ್ಲಿ ನಡೆದು ಬನ್ನಿ. ನಗಬೇಡಿ ಅಂಕಲ್, ನಗಬೇಡಿ" ಎಂದರು. ರೇಷನ್ ಕಾರ್ಡಿನ ಫೋಟೋಕ್ಕೂ ನಗಬಾರದು ಎಂದಿದ್ದರಲ್ಲ, ಇದೂ ಅಂಥದ್ದೇ ಎಂದುಕೊಂಡು ಪುಣ್ಯಾತ್ಮ ಕೆನ್ನೆ ಬಿಗಿಹಿಡಿದು ನಡೆದು ಬಂದ.

ಭಾನುವಾರ ಲೈನಿಗೆ ಲೈನೇ ಟೀವಿ ಮುಂದೆ ಕೂತಿತ್ತು. ತಮಟೆ ಬಡಿಯಿತು. ಹೊಗೆ ಎದ್ದಿತು. ಹೊಗೆಯೊಳಗಿಂದ ಗಾಯ ಬಂತು, ಆಮೇಲೆ ಕತ್ತರಿಯ ಅಲಗು ಬಂತು, ಕೊನೆಗೆ ಪೆರುಮಾಳ್ ಬಂದ. ಮೇಲಿಂದ ಮಗನ ದನಿ: "ನಮ್ಮಪ್ಪನ ಮುಖ ನೋಡಿ. ಆ ಗಾಯ ಹೆಂಗಾಯ್ತು ಅಂತ ನಾನು ಇವತ್ತಿಗೂ ಕೇಳಿಲ್ಲ. ಕೇಳೋ ಧೈರ್ಯ ನಮ್ಮ ಏರಿಯಾದಲ್ಲಿ ಯಾರಿಗೂ ಇಲ್ಲ."

ಲೈನಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆರುಮುಗಂ ನೆಲದ ಮೇಲೆ ಉರುಳಾಡಿದ. ಪೆರುಮಾಳನೂ ನಕ್ಕ. ಆದರೆ ನಗುತ್ತ ನಗುತ್ತಲೇ ಎದೆಯಲ್ಲೊಂದು ಚಳಿ ಕೂತಿತು. ಏಕೆಂದರೆ ಟೀವಿಯಲ್ಲಿ ಬಂದವನನ್ನು ನೋಡಿ ಅವನಿಗೇ ಭಯವಾಗಿತ್ತು.

ಲೈನಿನವರಿಗೆ ನಿಜ ಗೊತ್ತಿತ್ತು, ನಕ್ಕರು. ಲೈನಿನ ಆಚೆಯವರಿಗೆ ಏನು ಗೊತ್ತು? ಬ್ಲೌಸು ತಡವಾದರೆ ಮನೆ ಬಾಗಿಲಿಗೆ ಬಂದು ಜಗಳ ಕಾಯುತ್ತಿದ್ದ ಹೆಂಗಸರು "ನಿಧಾನವಾಗಿ ಕೊಡಣ್ಣ, ಅರ್ಜೆಂಟೇನಿಲ್ಲ" ಎಂದು ಬಾಗಿಲಿಂದಲೇ ಹಿಂತಿರುಗತೊಡಗಿದರು. ಅಳತೆಗೆಂದು ಕೊಟ್ಟಿದ್ದ ಹಳೆಯ ಬ್ಲೌಸುಗಳನ್ನು ಮಕ್ಕಳ ಕೈಲಿ ವಾಪಸು ತರಿಸಿಕೊಂಡರು. ಬಂಗಾರಪೇಟೆಗೆ ಗುಂಡಿ, ದಾರ ತರಲು ಹೋದರೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಒಬ್ಬ ಪೊಲೀಸಿನವನು ಬಂದು ನೀರು ಕುಡಿದು, "ಅಳೇ ಕೇಸು ಏನಾರ ಅದಾ ಅಣ್ಣ? ಸುಮ್ನೆ ಕೇಳ್ದೆ. ಸಾಯೇಬ್ರು ಟೀವಿ ನೋಡವ್ರೆ" ಎಂದು ಹೋದ. ಅತ್ತ ಆಟದ ಕೋಟೆಯೊಳಗೆ ಮುನೀಂದ್ರನ ಸಿಟ್ಟಿನ ನಡುವೆ ಒಂದು ತಮಿಳು ಮಾತು ಜಾರಿದರೆ ಸಾಕು, ಶೋದವರು ತಮಟೆ ಬಡಿಸಿ, ಕೆಂಪಕ್ಷರದಲ್ಲಿ ಬರೆದು ತೋರಿಸುತ್ತಿದ್ದರು. ಆ ಮೈನ್ಸ್ ತಮಿಳರೆಲ್ಲ ಹೀಗೇ ಎಂದು ಫೋನುಗಳ ತುಂಬ ಜನ ಬರೆದರು. ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗುವ ಲೈನಿನ ಮಕ್ಕಳು ಯಾವ ಊರು ಎಂದರೆ ಬಂಗಾರಪೇಟೆ ಎನ್ನತೊಡಗಿದರು.

ನಾನು ಅಂಥವನಲ್ಲ ಎಂದು ಎಲ್ಲಾದರೂ ನಿಂತು ಕೂಗಿಬಿಡಬೇಕು ಎಂದು ಪೆರುಮಾಳನಿಗೆ ಆಸೆ. ಅಷ್ಟರಲ್ಲಿ ಶೋದ ಹುಡುಗಿಯೊಬ್ಬಳ ಫೋನು ಬಂತು. "ಅಂಕಲ್, ಯಾರು ಕೇಳಿದ್ರೂ ಏನೂ ಹೇಳಬೇಡಿ. ನೀವು ಹಾಗಲ್ಲ ಅಂತ ಗೊತ್ತಾದ್ರೆ ಮುನೀಂದ್ರ ಸುಳ್ಳುಗಾರ ಆಗ್ತಾರೆ. ಆ ವಾರವೇ ಹೊರಗೆ." ಅತ್ತ ದರಿ, ಇತ್ತ ಪುಲಿ. ಪೆರುಮಾಳ್ ಹೆಂಡತಿಯ ಮುಖ ನೋಡಿದ.

"ಮಗ ಗೆದ್ಕೊಂಡು ಬರ್ಲಿ. ಅಲ್ಲೀಗಂಟ ಬಾಯ್ ಮುಚ್ಕೊಂಡಿರಿ" ಎಂದಳು ಸೆಲ್ವಿ. "ಯಾರೋ ಎದ್ರುಕೊಂಡ್ರೆ ನಿಮ್ ಮುಖ ಏನ್ ಸವ್ದೋಗ್ತದಾ?"

ಬಾಯಿ ಮುಚ್ಚಿಕೊಂಡ. ಹಾಗೆ ಬಾಯಿ ಮುಚ್ಚಿದ್ದರಿಂದಲೇ ನಾಗೇಶ ಮನೆ ಬಾಗಿಲಿಗೆ ಬಂದ.

ನಾಗೇಶ ಬಂಗಾರಪೇಟೆಯ ಕಡೆ ಜಮೀನು ಕೊಡಿಸುವ, ಬಿಡಿಸುವ ದಲ್ಲಾಳಿ. ಕೊಡಿಸುವುದಕ್ಕಿಂತ ಬಿಡಿಸುವುದರಲ್ಲೇ ಹೆಸರುವಾಸಿ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಾಗಿಲ ಮುಂದೆ ಜೀಪು ನಿಲ್ಲಿಸಿ, ಸೇಬಿನ ಚೀಲ ಹಿಡಿದುಕೊಂಡು ಒಳಗೆ ಬಂದವನೇ ಪೆರುಮಾಳನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಕಟ್ಟುಮಸ್ತಾದ ಇಬ್ಬರು ಹುಡುಗರು ಹೊಲಿಗೆ ಮೆಷಿನ್ನಿನ ಆಚೆ ಈಚೆ ನಿಂತರು.

"ಪೆರುಮಾಳಣ್ಣ, ನೀವು ಒಂದ್ ಮಾತೂ ಆಡ್ಬೇಕಾಗಿಲ್ಲ. ಬಂದು ಜೀಪಲ್ಲಿ ಕೂತ್ಕೊಂಡ್ರೆ ಸಾಕು" ಎಂದ ನಾಗೇಶ. "ಕ್ಯಾಸಂಬಳ್ಳಿ ತಾವ ಒಂದ್ ಒಲ ಅದೆ, ಒಬ್ಳು ಎಂಗ್ಸುದು. ಅವ್ಳ ಮೈದುನ ನಮ್ ಪಾರ್ಟಿಗೆ ಮಾರವ್ನೆ. ಅವ್ಳು ಒಪ್ಪಲ್ಲ ಅಂತ ದಾರಿಗೆ ಅಡ್ಡ ಮಂಚ ಆಕ್ಕೊಂಡು ಕೂತವ್ಳೆ. ಜೇಸಿಬಿ ಒಳಕ್ಕೆ ಬಿಡ್ತಿಲ್ಲ. ನಿಮ್ಮಂತ ದೊಡ್ಡೋರು ಒಬ್ರಿದ್ರೆ ಮಾತು ಬೇಗ ಮುಗೀತದೆ."

ಪೆರುಮಾಳ್ ಕೈಮುಗಿದ. "ನಾನು ಅಂತೋನಲ್ಲ ಸಾಮಿ. ಇದು ಮೈನ್ಸಲ್ಲಿ ಆದ ಗಾಯ. ಏರ್‌ಬ್ಲಾಸ್ಟು. ನಾನು ಟೈಲರು, ನೋಡಿ."

ನಾಗೇಶ ತನ್ನ ಹುಡುಗರ ಕಡೆ ತಿರುಗಿದ. ಅವನ ಕಣ್ಣಲ್ಲಿ ನಿಜವಾದ ಭಕ್ತಿಯಿತ್ತು. "ನೋಡಿ ಕಲ್ತ್ಕೊಳ್ರಲಾ. ನಿಜವಾದ ದೊಡ್ಡೋರು ಇಂಗೇ ಏಳೋದು. ಕುಣ್ದಾಡೋರೆಲ್ಲ ಚಿಳ್ಳೆಪಿಳ್ಳೆಗಳು."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಪೆರುಮಾಳ್ ಬಗ್ಗಿದಷ್ಟೂ ಅವರ ಕಣ್ಣಲ್ಲಿ ಬೆಳೆಯುತ್ತ ಹೋದ. ಕೊನೆಗೆ ಬರುವುದಿಲ್ಲ ಎಂದೇಬಿಟ್ಟ. ನಾಗೇಶನ ನಗು ಹಾಗೇ ಇತ್ತು, ದನಿ ಮಾತ್ರ ತಗ್ಗಿತು. "ಅಣ್ಣಾ, ಬರ್ತಾರೆ ಅಂತ ಪಾರ್ಟಿಗೆ ಮಾತ್ ಕೊಟ್ಬಿಟ್ಟಿದೀನಿ. ಬರಲ್ಲ ಅಂದ್ರೆ ನಂಗೆ ಅವಮಾನ. ನಂಗೆ ಅವಮಾನ ಆದ್ರೆ ಈ ಹುಡುಗ್ರು ಸುಮ್ಕಿರಲ್ಲ. ವಯಸ್ಸು ನೋಡಿ, ಬಿಸಿ ರಕ್ತ." ಹುಡುಗರಲ್ಲೊಬ್ಬ ಮೆಷಿನ್ನಿನ ಚಕ್ರವನ್ನು ಬೆರಳಲ್ಲಿ ಸುಮ್ಮನೆ ತಿರುಗಿಸಿದ. ಒಳಬಾಗಿಲಲ್ಲಿ ನಿಂತಿದ್ದ ಸೆಲ್ವಿ ಅದನ್ನು ನೋಡಿದಳು. "ಕೂತ್ಕೊಂಡು ಬಂದ್ಬಿಡಿ, ಅಷ್ಟೇ ತಾನೆ" ಎಂದಳು ಮೆಲ್ಲಗೆ. ಪೆರುಮಾಳ್ ಅಂಗಿ ತೊಟ್ಟು ಹೊರಟ.

ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬ ಹಿಂದಾಯಿತು, ರೈಲುಗೇಟು ಹಿಂದಾಯಿತು, ರಾಗಿ ಹೊಲಗಳು ಬಂದವು. ಹುಡುಗರು ಅವನ ಮೊಣಕೈ ತಾಗದಂತೆ ಮುದುರಿಕೊಂಡು ಕೂತಿದ್ದರು. ಇವನಿಗೆ ಅವರ ಭಯ, ಅವರಿಗೆ ಇವನ ಭಯ. ಜೀಪು ನಿಲ್ಲಿಸಿ ಇಳಿದು ಓಡಿಬಿಡಲೇ ಎಂದು ಪೆರುಮಾಳ್ ಯೋಚಿಸಿದ. ಓಡಿದರೆ ಮನೆಯಲ್ಲಿ ಸೆಲ್ವಿ ಒಬ್ಬಳೇ. ಕೂತೇ ಇದ್ದ.

ಹೊಲದ ಬಾಯಲ್ಲಿ ಜೇಸಿಬಿ ನಿಂತಿತ್ತು. ಅದರೆದುರು ದಾರಿಗೆ ಅಡ್ಡವಾಗಿ ಒಂದು ಹಗ್ಗದ ಮಂಚ, ಮಂಚದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತ ಹೆಂಗಸು, ಅವಳ ಪಕ್ಕ ಸ್ಕೂಲಿನ ಯೂನಿಫಾರಂ ತೊಟ್ಟ ಹುಡುಗಿ. ಹಿಂದೆ ಹುರುಳಿಕಾಯಿ ಬಳ್ಳಿ ಕಡ್ಡಿಗೆ ಹಬ್ಬಿ ಹೂ ಬಿಟ್ಟಿತ್ತು. ಅವಳೇ ಗಂಗರತ್ನಮ್ಮ, ಹುಡುಗಿ ಅವಳ ಮಗಳು ಲಿಖಿತ. ನಾಗೇಶ ಇಳಿದು ಹೋಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಏನೋ ಅಂದ. ಗಂಗರತ್ನಮ್ಮನ ದನಿ ಜೀಪಿನ ತನಕ ಕೇಳಿಸಿತು.

"ನನ್ ಮೈದುನ ಮಾರಿದ್ರೆ ಅವನ್ ಮನೆ ಕಿತ್ಕೋ ಓಗ್ಲಾ. ಇದು ನನ್ ಗಂಡಂದು. ಮೊದ್ಲು ನನ್ ಎಣ ಬೀಳ್ಲಿ, ಆಮ್ಯಾಕೆ ನಿನ್ ಜೇಸಿಬಿ. ಬಂದ್ಬಿಟ್ಟ ಇಲ್ಲಿ, ಬಾಡಿಗೆ ಮೀಸೆ ಒತ್ಕೊಂಡು!"

ದೂರ ನಿಂತಿದ್ದ ಊರಿನ ನಾಲ್ಕು ಜನ ಕಿಸಕ್ಕೆಂದರು. ಪೆರುಮಾಳನಿಗೆ ತನ್ನ ಭಯದ ನಡುವೆಯೂ ಹೊಟ್ಟೆ ತಣ್ಣಗಾಯಿತು. ಎಂಥ ಹೆಣ್ಣು! ಇಂಥ ಧೈರ್ಯದ ಕಾಲುಭಾಗ ತನಗಿದ್ದಿದ್ದರೆ ಈ ಜೀಪು ಹತ್ತುತ್ತಿರಲಿಲ್ಲ. ಅವಳನ್ನು ನೋಡುತ್ತ ನೋಡುತ್ತ ಅವನೊಳಗೆ ಏನೋ ಗಟ್ಟಿಯಾಯಿತು. ಇಳಿದು ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡ. ನಾನು ಟೈಲರು ತಾಯಿ, ನನಗೆ ಹೆದರಬೇಡ, ಮಂಚ ಬಿಟ್ಟು ಏಳಬೇಡ ಅಂತ ಎಲ್ಲರೆದುರೂ ಹೇಳುತ್ತೇನೆ. ಮಗ ಹೊರಗೆ ಬಂದರೆ ಬರಲಿ, ಹೊಲಿಗೆ ಕಲಿಸುತ್ತೇನೆ. ನಾಗೇಶನ ಹುಡುಗರು ಹೊಡೆದರೆ ಹೊಡೆಯಲಿ. ಅರವತ್ತು ವರ್ಷ ಹೆದರಿದ್ದು ಸಾಕು. ಬಾಗಿಲು ತೆರೆದು ಇಳಿದ.

ಗಂಗರತ್ನಮ್ಮನ ಬೈಗುಳ ಅರ್ಧಕ್ಕೇ ನಿಂತಿತು.

"ಅವ್ವಾ, ಟೀವಿಯೋನು" ಎಂದಿತು ಹುಡುಗಿ.

ಪೆರುಮಾಳ್ ಬೇಗಬೇಗ ನಡೆದ. ನಿಧಾನ ಮಾಡಿದರೆ ಧೈರ್ಯ ಸೋರಿಹೋದೀತು ಎಂದು ಅವನಿಗೆ ಅಂಜಿಕೆ. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಾಲಿಗೆ ಅದು. ಎದೆ ಹೊಡೆದುಕೊಳ್ಳುವಾಗ ಮೊದಲು ಬಂದದ್ದು ತಾಯಿಯ ಮಾತೇ. "ಅಮ್ಮಾ, ಬಯಪ್ಪಡಾದೀಂಗ... ಬಯ ಪಡ್ಬೇಡಿ. ನಾನು..."

"ಬ್ಯಾಡ ಸಾಮಿ!" ಗಂಗರತ್ನಮ್ಮ ಎದ್ದುನಿಂತು ಮಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಿದ್ದಳು. ಈಗಷ್ಟೇ ಹೆಣ ಬೀಳಲಿ ಎಂದಿದ್ದ ಬಾಯಿ ನಡುಗುತ್ತಿತ್ತು. "ಅತ್ರ ಬರ್ಬೇಡಿ. ನಾನೇ ತೆಗೀತೀನಿ."

"ತೆಗೀಬೇಡಿ! ಟೀವೀದೆಲ್ಲ ಸುಳ್ಳು, ಸುಳ್ಳಮ್ಮಾ!" ಪೆರುಮಾಳ್ ಕೂಗಿದ. ಕೂಗಿದ ದನಿ ಅವನ ಕಿವಿಗೇ ಒರಟಾಗಿ ಕೇಳಿಸಿತು. ಅವಳು ಆಗಲೇ ಮಂಚದ ಒಂದು ತುದಿ ಹಿಡಿದು ದಾರಿಯಿಂದ ಎಳೆಯುತ್ತಿದ್ದಳು. ಎಳೆಯದಿರಲಿ ಎಂದು ಇವನು ಓಡಿಹೋಗಿ ಇನ್ನೊಂದು ತುದಿ ಹಿಡಿದುಕೊಂಡ. ಅವಳು ಮಂಚ ಬಿಟ್ಟು ಅವನ ಕಾಲ ಮೇಲೆ ಬಿದ್ದಳು.

"ನನ್ ಮಗೀಗೆ ಏನೂ ಮಾಡ್ಬೇಡಿ. ಒಲ ತಕೊಳ್ಳಿ. ನಿಮ್ ದಮ್ಮಯ್ಯ ಅಂತೀನಿ, ತಕೊಳ್ಳಿ."

ಎಬ್ಬಿಸೋಣವೆಂದು ಪೆರುಮಾಳ್ ಬಗ್ಗಿದ. ಅವನ ಕೈ ತಾಯಿಯ ಹೆಗಲಿಗೆ ತಾಗಿದ್ದೇ ತಡ, ಲಿಖಿತ ಜೀವ ಹೋಗುವ ಹಾಗೆ ಕಿರುಚಿಕೊಂಡಳು. ಊರಿನ ನಾಲ್ಕು ಜನ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದರು. ಯಾರೂ ಕಿಸಕ್ಕೆನ್ನಲಿಲ್ಲ.

ನಾಗೇಶ ಬಂದು ಮೊಣಕೈ ಹಿಡಿದ. ಅವನ ದನಿಯೂ ಅದುರುತ್ತಿತ್ತು. "ಸಾಕು ಬನ್ನಿ ಅಣ್ಣಾ. ಅರ್ಥ ಆಗೋಯ್ತು ಅವ್ಳಿಗೆ." ಜೇಸಿಬಿಯವನು ಮಂಚವನ್ನು ಮೋರಿಗೆ ತಳ್ಳಿ ಒಳಗೆ ಹೋದ. ಹುರುಳಿಕಾಯಿಯ ಕಡ್ಡಿಗಳು ಪಟಪಟನೆ ಮುರಿದವು.

ಪೆರುಮಾಳ್ ಇನ್ನೂ ಏನೋ ಹೇಳಲು ಬಾಯಿ ತೆರೆದ. ಹುಡುಗಿ ಮತ್ತೆ ಕಿರುಚಿದಳು. ಒಂದು ಹೆಜ್ಜೆ ಮುಂದಿಟ್ಟ, ಅವಳು ತಾಯಿಯ ಸೀರೆಯೊಳಗೆ ಮುಖ ಹುದುಗಿಸಿ ಉಸಿರು ಸಿಕ್ಕಿಕೊಂಡವಳಂತೆ ಬಿಕ್ಕಿದಳು. ಒಂದು ಹೆಜ್ಜೆ ಹಿಂದೆ ಸರಿದ, ಬಿಕ್ಕು ಒಂದಿಷ್ಟು ಇಳಿಯಿತು. ಆ ಮಗುವಿಗೆ ತಾನು ಮಾಡಬಹುದಾದದ್ದು ಇನ್ನು ಅದೊಂದೇ ಎಂದು ಅವನಿಗೆ ತಿಳಿಯಿತು. ಹಿಂದಕ್ಕೆ ಹಿಂದಕ್ಕೆ ನಡೆದು ಜೀಪು ಹತ್ತಿದ, ಆಗಲೇ ಹತ್ತಿ ಕೂತಿದ್ದ ನಾಗೇಶನ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡ. ಆಗ ಹುಡುಗಿಯ ಅಳು ನಿಂತಿತು.