ಹಳೇ ಊರಿಗೆ ಬಂದ ಬಹುಮಾನ

ಮರಾಠಿ ಸೀಮೆಯ ಸಾಸ್ತೂರದ ಮನ್ಮಥಪ್ಪ ಫೋಟೋ ತೆಗೆಯುತ್ತಿದ್ದುದು ಯಾರಿಗೂ ತೋರಿಸುವುದಕ್ಕಲ್ಲ. ಉಮರ್ಗಾದಲ್ಲಿ ಮದುವೆ ಫೋಟೋ ತೆಗೆಯುವವನೊಬ್ಬ ಅಂಗಡಿ ಮುಚ್ಚುವಾಗ ಬಿಟ್ಟುಕೊಟ್ಟ ಕ್ಯಾಮೆರಾ ಅವನದು. ಹನ್ನೆರಡು ವರ್ಷದಿಂದ ತನ್ನ ಹೊಲದ ಬದುವಿನ ಮೇಲೆ ನಿಂತು ಅದನ್ನು ಒಂದೇ ಕಡೆಗೆ ಹಿಡಿಯುತ್ತಿದ್ದ. ಭೂಕಂಪದಲ್ಲಿ ನೆಲಸಮವಾದ ಹಳೇ ಊರು ಆ ಕಡೆಗಿತ್ತು. ಜನ ಹೊಸ ಊರಿಗೆ ಹೋಗಿ ಮೂವತ್ತು ವರ್ಷ ದಾಟಿತ್ತು. ಈಗ ಅಲ್ಲಿ ಒಂದು ಬೇವಿನ ಮರ, ಹೂಳು ತುಂಬಿದ ಬಾವಿ, ಉಳಿದದ್ದೆಲ್ಲ ಹುಲ್ಲು. ಮಳೆ ನಿಂತ ಮೇಲೆ ಆ ಹುಲ್ಲು ಕೆಂಪಗಾಗಿ ಗಾಳಿಗೆ ಬಾಗಿದರೆ ಬಲು ಚೆಂದ ಕಾಣುತ್ತಿತ್ತು. ಚೆಂದ ಕಾಣುತ್ತದಲ್ಲ ಎಂಬುದೇ ಅವನಿಗೆ ಸಂಕಟ.

ಮಗಳು ಪ್ರಾಜಕ್ತಾ ಉದಗೀರದ ದವಾಖಾನೆಯಲ್ಲಿ ನರ್ಸ್. ಒಂದು ದಿನ ಅವಳ ಫೋನು ಬಂತು.

"ಅಪ್ಪಾ, ನಿನ್ನ ಫೋಟೋಕ್ಕ ಪಯಲಾ ನಂಬರ ಬಂದದ! ಇಲ್ಲೊಂದು ಸ್ಪರ್ಧಾ ಇತ್ತು, ನಿನಗ ಹೇಳದೆ ನಾನೇ ಕಳಸಿದ್ದೆ. ಐತವಾರ ಬಾ."

ಮನ್ಮಥಪ್ಪನಿಗೆ ನಾಚಿಕೆಯೂ ಆಯಿತು, ಒಳಗೊಳಗೆ ಹಿಗ್ಗೂ ಆಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಭಾನುವಾರ ಬಸ್ಸು ಹತ್ತಿದ.

ಸಭಾಗೃಹದ ನಡುಗೋಡೆಗೆ ಅವನ ಫೋಟೋವನ್ನು ಬಾಗಿಲಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ ತೂಗುಹಾಕಿದ್ದರು. ಬಾಗಿಲಲ್ಲಿ ಕಾಯುತ್ತಿದ್ದ ಪ್ರಾಜಕ್ತಾಳ ಜೊತೆ ಮನ್ಮಥಪ್ಪ ಹತ್ತಿರ ಹೋದ. ಕೆಳಗೆ ಮರಾಠಿಯಲ್ಲಿ ಬರೆದಿತ್ತು: 'ನಿರ್ಜನ ಮಾಳರಾನ', ಅಂದರೆ ಜನರಿಲ್ಲದ ಬೀಳು ಮಾಳ. ಅದರ ಕೆಳಗೆ ತೀರ್ಪುಗಾರರ ಒಂದು ಸಾಲು: ಮನುಷ್ಯರ ಹೆಜ್ಜೆಯೇ ಬೀಳದ ನೆಲದ ಮೌನ.

ಅವನು ಆ ಸಾಲನ್ನು ಎರಡು ಸಲ ಓದಿದ. ಸ್ಪರ್ಧೆ ನಡೆಸಿದ ಸಂಘದ ಅಧ್ಯಕ್ಷರಾದ ನಿವೃತ್ತ ಪ್ರಾಧ್ಯಾಪಕ ವಿಶ್ವನಾಥಪ್ಪನವರು ಹಾರ ಹಿಡಿದು ಬಂದರು.

"ಬರ್ರಿ ಬರ್ರಿ. ಎಂಥಾ ಫೋಟೋರೀ! ಒಂದು ನರಪಿಳ್ಳಿ ಇಲ್ಲ ನೋಡ್ರಿ ಅದರಾಗ."

"ಹೆಜ್ಜಿ ಬೀಳಲಾರದ ನೆಲ ಅಂತ ಯಾರ್ ಬರ್ದಾರ್ರೀ ಇದು?"

"ತೀರ್ಪುಗಾರರು. ಯಾಕ್ರೀ?"

"ಇದು ನಮ್ಮ ಊರು! ಇದರ ಬುಡಕ ನಮ್ಮ ಮಂದಿ ಸತ್ತಾರ. ಯಾವ ಊರಿದು ಅಂತ ಒಂದ್ ಮಾತು ಕೇಳಬಾರದೇನ್ರೀ?"

ಸಭೆ ತಿರುಗಿ ನೋಡಿತು. ವಿಶ್ವನಾಥಪ್ಪನವರು ದನಿ ತಗ್ಗಿಸಿದರು. "ಪ್ರಮಾಣಪತ್ರ ಛಾಪ್ಸಿ ಆಗ್ಯಾವ್ರೀ. ಈಗೇನ್ ಮಾಡ್ಲಿಕ್ಕಿ ಬರ್ತದ? ಸತ್ಕಾರ ಆಗ್ಲಿ, ಆಮ್ಯಾಲ ಮಾತಾಡಮು."

ಮನ್ಮಥಪ್ಪ ಹಾರಕ್ಕೆ ಕೊರಳು ಕೊಡಲಿಲ್ಲ. ಪ್ರಮಾಣಪತ್ರಕ್ಕೆ ಹೆಸರು ಬರೆಯಲು ಮೇಜಿನ ಮೇಲಿಟ್ಟಿದ್ದ ದಪ್ಪ ಪೆನ್ನು ಎತ್ತಿಕೊಂಡು ನೇರ ಗೋಡೆಗೆ ಹೋದ. ಬಾವಿಯ ಎಡಕ್ಕೆ 'ಕಾಶೆಪ್ಪ' ಎಂದು ಬರೆದ. ಬೇವಿನ ಮರದ ಕೆಳಗೆ 'ನೀಲಕಂಠ, ಅವನ ಮೂರು ಮಕ್ಕಳು'. ಹುಲ್ಲು ಎತ್ತರವಾಗಿದ್ದ ಕಡೆ 'ವಿರೂಪಾಕ್ಷನ ಗಿರಣಿ'. ಹೀಗೇ ಹದಿನಾಲ್ಕು ಹೆಸರು. ಕೊನೆಗೆ 'ಬಂಡಮ್ಮ' ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದ.

"ಖರಾಬ ಮಾಡಿದ್ರಲ್ರೀ ಫೋಟೋ!" ಎಂದರು ಅಧ್ಯಕ್ಷರು.

"ಖರಾಬ ಮಾಡಿದವ್ರು ನೀವು. ಮಾಳ ಅಂತ ಹೆಸರಿಟ್ಟವ್ರು ನೀವು."

ಈಗ ಅವರಿಗೂ ಸಿಟ್ಟು ಬಂತು. "ಹೆಜ್ಜಿ ಮಾತು ನಮ್ದು, ಒಪ್ಪಿದೆ. ಆದ್ರ ಹೆಸರು ನಾವಿಟ್ಟಿಲ್ಲ. ಅರ್ಜಿದಾಗ ಬಂದದ್ದೇ ಹಾಕೇವಿ," ಎಂದು ಕಡತದಿಂದ ಒಂದು ಹಾಳೆ ತೆಗೆದು ಮುಂದೆ ಹಿಡಿದರು.

ಅದು ಪ್ರಾಜಕ್ತಾಳ ಅಕ್ಷರ. ಮನ್ಮಥಪ್ಪ ಮಗಳ ಕಡೆ ನೋಡಿದ. ಅವಳು ಗೋಡೆಯ ಮೇಲಿನ ಹೆಸರುಗಳನ್ನು ಒಂದೊಂದೇ ಓದುತ್ತಿದ್ದಳು.

ಅವನು ಪೆನ್ನನ್ನು ಮೇಜಿನ ಮೇಲೆ ವಾಪಸ್ಸು ಇಟ್ಟ. ಫೋಟೋ ಇಳಿಸಿ, ಸುರುಳಿ ಸುತ್ತಿ ಹೊರಟ. ಯಾರೂ ತಡೆಯಲಿಲ್ಲ. ಪ್ರಾಜಕ್ತಾ ಹಿಂದೆಯೇ ಓಡಿಬಂದು ನಿಲಂಗಾ ಮೇಲೆ ಊರಿಗೆ ಹೋಗುವ ಬಸ್ಸು ಹತ್ತಿ ಅವನ ಮಗ್ಗುಲಲ್ಲಿ ಕೂತಳು. ಉದಗೀರ ದಾಟುವವರೆಗೂ ಅವನು ಕಿಟಕಿಯ ಕಡೆಗೇ ಮುಖ ಮಾಡಿದ್ದ.

"ಮಾಳರಾನ ಅಂತಾಳ," ಎಂದ ಕೊನೆಗೆ. "ಓದಿದಾಕಿ. ಅಪ್ಪ ಹನ್ನೆರಡು ವರ್ಷ ಏನ್ ನೋಡ್ತಾನ ಅಲ್ಲಿ ಅಂತ ಒಂದಿನ ಕೇಳ್ಲಿಲ್ಲ."

"ನೀ ಹೇಳ್ಲಿಲ್ಲ," ಎಂದಳು ಪ್ರಾಜಕ್ತಾ. ಅವಳ ದನಿಯೂ ಬಿರುಸಾಗಿತ್ತು. "ನಾ ಹುಟ್ಟಿದ್ದು ಹೊಸಾ ಊರಾಗ. ಭೂಕಂಪ ಆಗಿತ್ತು ಅಂತ ಕೇಳೀನಿ, ನಮ್ಮ ಮನಿ ಎಲ್ಲಿತ್ತು ಅಂತ ನೀ ತೋರಿಸಿಲ್ಲ. ಆ ಕಡಿ ಹೋದ್ರ ಬೈದು ಕಳಸ್ತಿದ್ದಿ. ಹುಲ್ಲಿನ ಫೋಟೋ ತೆಗೀತಾನ ನಮ್ಮಪ್ಪ ಅಂತನೇ ಇಷ್ಟು ದಿನ ತಿಳ್ಕೊಂಡೀನಿ. ಮುತ್ಯಾ, ಆಯಿ ಹೆಂಗ ಹೋದ್ರು ಅಂತ ಕೇಳಿದ್ರ ಎದ್ದು ಹೊಲಕ್ಕ ಹೋಗ್ತಿದ್ದಿ. ನಾ ಯಾರಿಗೆ ಕೇಳಬೇಕಿತ್ತು?"

ಸಭೆಯಲ್ಲಿ ಅಷ್ಟು ಜನರ ಮುಂದೆ ಹದಿನಾಲ್ಕು ಹೆಸರು ಬರೆದವನು ಮನೆಯಲ್ಲಿ ಒಂದನ್ನೂ ಉಚ್ಚರಿಸಿರಲಿಲ್ಲ. ಸಿಟ್ಟು ಹೋಗಲಿಲ್ಲ. ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ಅವನಿಗೆ ತಿಳಿಯದಾಯಿತು.

ನಿಲಂಗಾದಲ್ಲಿ ಬಸ್ಸು ನಿಂತಾಗ ಅರ್ಧ ಜನ ಇಳಿದರು. ಅವನು ಸುರುಳಿಯನ್ನು ಅರ್ಧ ಬಿಚ್ಚಿ ಇಬ್ಬರ ತೊಡೆಯ ಮೇಲೂ ಹರಡಿದ.

"ಇಲ್ಲಿ ನೋಡು," ಎಂದು ಹುಲ್ಲಿನ ಮೇಲೆ ಬೆರಳಿಟ್ಟ. "ಇದು ನಮ್ಮ ಪಡಸಾಲಿ. ನಮ್ಮವ್ವ, ನಿಮ್ಮ ಆಯಿ ಬಂಡಮ್ಮ ಇಲ್ಲಿ ಮಲಗ್ತಿದ್ಳು. ಭೂಕಂಪ ಆದ ರಾತ್ರಿ ನಾ ಹೊಲದಾಗಿದ್ದೆ."

ಪ್ರಾಜಕ್ತಾ ಬಾಗಿ ನೋಡಿದಳು. "ಬಾಗಿಲು ಯಾವ ಕಡಿ ಇತ್ತಪಾ?"

ಮನ್ಮಥಪ್ಪ ಹೇಳತೊಡಗಿದ.