ಕಂಡಕ್ಟರಮ್ಮನ ಜೇಬು

ಹೂವಿಡಲು ಬಗ್ಗಿದ ಕಂಡಕ್ಟರಮ್ಮನ ಕೈಯನ್ನು, ಹೆಣದ ತಲೆಯ ಹತ್ತಿರ ನಿಂತಿದ್ದ ಟೈಲರಮ್ಮನ ಮಗಳು ಗಪ್ಪನೆ ಹಿಡಿದುಕೊಂಡಳು.

"ಬೇಡ. ನೀವು ಮಾತ್ರ ಇಡಬೇಡಿ."

ಊಟದ ಹಾಲ್‌ನಲ್ಲಿ ಎಲ್ಲರ ಕತ್ತೂ ಇತ್ತ ತಿರುಗಿತು. ವೃದ್ಧಾಶ್ರಮದವರು ಮೇಜುಗಳನ್ನು ಗೋಡೆಗೆ ಒತ್ತಿ ನಡುವೆ ಜಾಗ ಮಾಡಿ, ಟೈಲರಮ್ಮನನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಮುದುಕ ಮುದುಕಿಯರೆಲ್ಲ ದಿನಾ ಊಟಕ್ಕೆ ಕೂರುವ ತಂತಮ್ಮ ಕುರ್ಚಿಗಳಲ್ಲೇ ಕೂತಿದ್ದರು. ಬೇರೆ ಕಡೆ ಕೂತು ಅವರಿಗೆ ಅಭ್ಯಾಸ ತಪ್ಪಿಹೋಗಿತ್ತು.

ಒಂದು ಕಾಲಕ್ಕೆ ತುಂಬಿದ ಬಸ್ಸನ್ನೇ ಗದರಿಸಿ ಒಳಗೆ ಸರಿಸಿದವಳು ಕಂಡಕ್ಟರಮ್ಮ. ಆದರೆ ಈಗ ಒಂದೇ ಮಾತಿಗೆ ಎರಡು ಹೆಜ್ಜೆ ಹಿಂದೆ ಸರಿದಳು. ತನ್ನ ಕೋಣೆಯಿಂದ ಇಲ್ಲಿಗೆ ಬರುವುದಕ್ಕೇ ಅವಳು ಮನಸ್ಸಿನೊಂದಿಗೆ ಸಾಕಷ್ಟು ಗುದ್ದಾಡಿದ್ದಳು. ತನ್ನನ್ನು ಬಿಟ್ಟು ಹೋದವಳು ಟೈಲರಮ್ಮ. ಮುನಿಸಿಕೊಳ್ಳುವ ಹಕ್ಕಿದ್ದರೆ ಅದು ತನಗೆ. ಆದರೂ ಹೋಗಲಿ, ಸತ್ತವಳ ಮೇಲೆ ಎಂಥ ಹಟ ಎಂದು ಹೂವು ತಂದರೆ ಈ ಹುಡುಗಿ ಕಳ್ಳನ ಕೈ ಹಿಡಿದ ಹಾಗೆ ಹಿಡಿಯುವುದೇ?

ಹೂವನ್ನು ಮುಷ್ಟಿಯಲ್ಲೇ ಇಟ್ಟುಕೊಂಡು ಅವಳು ಆಶ್ರಮದ ಹಳಬರಾದ ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಕುಸಿದಳು.

* * *

ಆಶ್ರಮಕ್ಕೆ ಬಂದ ಮೊದಮೊದಲು ಕಂಡಕ್ಟರಮ್ಮ, ಟೈಲರಮ್ಮ ಇಬ್ಬರೂ ಒಂದೇ ಕೋಣೆಯಲ್ಲಿ ಹಾವು ಮುಂಗುಸಿಯ ಹಾಗಿದ್ದರು. ಒಬ್ಬಳಿಗೆ ಕಿಟಕಿ ತೆಗೆದಿರಬೇಕು, ಇನ್ನೊಬ್ಬಳಿಗೆ ಹಾಕಿರಬೇಕು. ಏಳುವ ಹೊತ್ತು, ಮೀಯುವ ಹೊತ್ತು, ಚಹಾದ ಸಕ್ಕರೆ ಎಲ್ಲವನ್ನೂ ಆಶ್ರಮವೇ ತೀರ್ಮಾನಿಸುವಾಗ, ಜಗಳವಾಡಲು ಉಳಿದಿದ್ದು ಅದೊಂದು ಕಿಟಕಿ. ಅದನ್ನೇಕೆ ಬಿಟ್ಟುಕೊಡುತ್ತಾರೆ!

ಕಂಡಕ್ಟರಮ್ಮನ ಎಡಗೈಗೆ ಒಂದು ಚಾಳಿಯಿತ್ತು. ಜೀವಮಾನವೆಲ್ಲ ಹೆಗಲಿಗೆ ಚರ್ಮದ ಚೀಲ ಹಾಕಿ ನಿಂತವಳು. ಚೀಲ ಹೋದರೂ ಕೈ ಅದನ್ನು ಮರೆತಿರಲಿಲ್ಲ. ಮಾತಾಡುವಾಗ, ಸುಮ್ಮನೆ ಕೂತಾಗ, ಸೊಂಟದ ಪಕ್ಕ ತಡಕಾಡುತ್ತಲೇ ಇರುತ್ತಿತ್ತು. ಟೈಲರಮ್ಮ ಕೆಲವು ದಿನ ಕನ್ನಡಕದ ಮೇಲಿಂದ ಇದನ್ನು ನೋಡಿದಳು. ಒಂದು ಮಧ್ಯಾಹ್ನ ತಡೆಯಲಾರದೆ, "ಕೊಡು ಇಲ್ಲಿ ಆ ನೈಟೀನ," ಎಂದು ಕಿತ್ತುಕೊಂಡು, ಪಕ್ಕಕ್ಕೊಂದು ಜೇಬು ಹೊಲಿದು ಎಸೆದಳು.

"ಏನು ಹಾಕ್ಲಿ ಇದ್ರಲ್ಲಿ? ನನ್ನ ಹತ್ರ ಏನಿದೆ?"

"ಕೈ ಹಾಕು. ಸದ್ಯಕ್ಕೆ ಅಷ್ಟು ಸಾಕು."

ಆಮೇಲೆ ಕಂಡಕ್ಟರಮ್ಮನ ಎಲ್ಲ ನೈಟಿಗಳಿಗೂ ಜೇಬು ಬಂತು. ಜೇಬಿಗೆ ಟೈಲರಮ್ಮನ ದಾರದುಂಡೆ, ಅರ್ಧ ಬಿಸ್ಕತ್ತು, ಕನ್ನಡಕ ಎಲ್ಲ ಬಂದವು. ನೋಡಿದವರು ತಮಗೂ ಬೇಕೆಂದರು. ಬಚ್ಚಲಿಗೆ ಹೋಗುವುದಕ್ಕೂ ಆಯಾಳನ್ನು ಕರೆಯಬೇಕಾದವರೆಲ್ಲ, ಜೇಬಿನಲ್ಲಿ ಕೈಯಿಟ್ಟುಕೊಂಡು ಜಮೀನ್ದಾರರ ಹಾಗೆ ಪಡಸಾಲೆಯಲ್ಲಿ ಓಡಾಡತೊಡಗಿದರು. ಟೈಲರಮ್ಮನ ಕಾಲು ಸೋಲುತ್ತಾ ಬಂದಾಗ ಬಚ್ಚಲಿಗೆ ಕಂಡಕ್ಟರಮ್ಮನೇ ಹೆಗಲು ಕೊಟ್ಟಳು.

ದೀಪ ಆರಿಸಿದ ಮೇಲೆ ಅವರದೊಂದು ಆಟವಿತ್ತು. "ರೈಟ್!" ಎಂದು ಕಂಡಕ್ಟರಮ್ಮ ಕೂಗುವಳು. "ಟಿಕೆಟ್ ತಗೊಂಡಿಲ್ಲ ಕಣೆ," ಎಂದು ಆ ಹಾಸಿಗೆಯಿಂದ ಬರುವುದು. "ನಿದ್ದೆಗೆ ಟಿಕೆಟ್ ಇಲ್ಲ, ಮಲಕ್ಕೋ ಮಾರಾಯ್ತಿ." ಇಷ್ಟಾದ ಕೂಡಲೇ ಟೈಲರಮ್ಮನ ಗೊರಕೆ ಶುರು. ಒಮ್ಮೆ ಆಶ್ರಮದ ಉಸ್ತುವಾರಿ ನೋಡುವ ಮೇಟ್ರನ್ ಎದುರಿಗೇ ಕಂಡಕ್ಟರಮ್ಮ ಛೇಡಿಸಿದ್ದಳು: "ಇವಳ ಗೊರಕೆ ಕೇಳಿದ್ರೆ ಡಿಪೋದಲ್ಲಿ ಮಲಗಿದ ಹಾಗಾಗತ್ತೆ. ನಂಗೆ ಬೇರೆ ರೂಮು ಕೊಟ್ಬಿಡಿ ಮೇಡಂ!" ಟೈಲರಮ್ಮ ಸುಮ್ಮನಿರಲಿಲ್ಲ: "ಇವಳ ಗಂಟಲಿಗೆ ನನ್ನ ತಲೆ ಸಿಡಿಯತ್ತೆ, ಮೊದಲು ನಂಗೆ ಕೊಡಿ." ಮೂವರೂ ಹೊಟ್ಟೆ ಹಿಡಿದು ನಕ್ಕಿದ್ದರು.

* * *

ಆಮೇಲೊಂದು ದಿನ ಕಂಡಕ್ಟರಮ್ಮ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುವಷ್ಟರಲ್ಲಿ ಕಿಟಕಿ ಪಕ್ಕದ ಟೈಲರಮ್ಮನ ಹಾಸಿಗೆ ಖಾಲಿಯಾಗಿತ್ತು.

"ಅವರೇ ಕೇಳ್ಕೊಂಡ್ರಮ್ಮ," ಎಂದಳು ಮೇಟ್ರನ್, ಬಹಳ ಮೆತ್ತಗೆ. "ನಿಮ್ಮ ಗಂಟಲಿಗೆ ತಲೆನೋವು ಬರತ್ತಂತೆ. ಮೇಲಿನ ವಾರ್ಡಲ್ಲಿ ಶಾಂತವಾಗಿರ್ತೀನಿ ಅಂದ್ರು."

ಗಂಡ, ಅತ್ತೆ, ಸೊಸೆ ಎಲ್ಲರೂ ಆಡಿಕೊಂಡ ಗಂಟಲು ಅದು. ಇವಳ ಬಾಯಲ್ಲಿ ಮಾತ್ರ ಅದು ತಮಾಷೆಯೆಂದು ಕಂಡಕ್ಟರಮ್ಮ ನಂಬಿದ್ದಳು. ಅವತ್ತಿನಿಂದ ಅವಳು ಪಿಸುಗುಟ್ಟಿ ಮಾತಾಡಲು ಕಲಿತಳು. ಲಿಫ್ಟು ಅಲ್ಲೇ ಇತ್ತು, ಹತ್ತಲಿಲ್ಲ. ಬಿಸಿಲಿಗೆಂದು ಟೈಲರಮ್ಮನನ್ನು ಗಾಲಿಕುರ್ಚಿಯಲ್ಲಿ ಕೆಳಗೆ ತಂದಾಗ ಇಬ್ಬರೂ ಮುಖ ತಿರುಗಿಸಿ ಕೂತರು. ಜೇಬು ಹೊಲಿಯಲೆಂದು ತಾನು ಕೊಟ್ಟಿದ್ದ ಹೊಸ ನೀಲಿ ನೈಟಿಯೂ ವಾಪಸು ಬರಲಿಲ್ಲ. ಅದನ್ನೂ ಹೊಡ್ಕೊಂಡು ಹೋದಳು ಎಂದು, ಚದುರಂಗದ ಜೊತೆಗಾರ ಪೋಸ್ಟ್‌ಮ್ಯಾನ್ ಮೇಲಿನ ವಾರ್ಡಿಗೆ ಹೋದ ಮೇಲೆ ಒಂಟಿಯಾಗಿದ್ದ ಮೇಷ್ಟ್ರ ಮುಂದೆ ಹಲುಬಿದ್ದಳು.

* * *

ಹಾಲ್‌ನಲ್ಲಿ ಕೂತಿದ್ದ ಕಂಡಕ್ಟರಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ಮತ್ತೆ ಮಗಳ ಮುಂದೆ ನಿಂತಳು.

"ಮಗಳೇ, ಬಿಟ್ಟು ಹೋದವಳು ನಿಮ್ಮಮ್ಮ. ನಾನೇನಮ್ಮ ಮಾಡ್ದೆ?"

"ಏನು ಮಾಡಿದ್ರಾ? ಗೊರಕೆ ಹೊಡೀತಾಳೆ, ಇವಳ ಜೊತೆ ಇರಲ್ಲ ಅಂತ ಹೇಳಿ ಹೊರಗೆ ಹಾಕಿಸಿದ್ದು ನೀವೇ ತಾನೆ?" ಮಗಳು ಹೊದಿಕೆಯ ಅಂಚು ಸರಿಪಡಿಸಿದಳು. "ಮೇಲೆ ಹೋದ್ಮೇಲೆ ಅಮ್ಮ ಸರಿಯಾಗಿ ಮಲಗ್ಲೇ ಇಲ್ಲ. ಗೊರಕೆ ಬಂದ್ಬಿಟ್ರೆ ಇಲ್ಲಿಂದಲೂ ಕಳಿಸ್ತಾರೆ ಅಂತ ದಿಂಬಿಗೆ ಒರಗಿ ಕೂತೇ ಇರ್ತಿದ್ಲು. ನಿದ್ದೆಗೆಟ್ಟು ಗೆಟ್ಟು ಸೊರಗಿಹೋದ್ಲು."

"ನಾನು ಹಾಗೆ ಹೇಳಿದೆ ಅಂತ ಹೇಳಿದವರ್ಯಾರು?"

ಮಗಳು ಬಾಗಿಲ ಕಡೆ ನೋಡಿದಳು. ಕಂಡಕ್ಟರಮ್ಮನೂ ನೋಡಿದಳು. ಅಲ್ಲಿ ಮೇಟ್ರನ್ ಫೋನ್ ಹಿಡಿದು ವ್ಯಾನಿನವನಿಗೆ ದಾರಿ ಹೇಳುತ್ತಿದ್ದಳು.

"ಮೇಡಂ, ನನ್ನ ಗಂಟಲಿಗೆ ತಲೆನೋವು ಅಂತ ಇವಳು ನಿಮ್ಮ ಹತ್ರ ಹೇಳಿದ್ಲಾ?"

ಮೇಟ್ರನ್ ಫೋನ್ ಕೆಳಗಿಳಿಸಿದಳು. ಸಿಕ್ಕಿಬಿದ್ದ ಗಾಬರಿಯೇನೂ ಅವಳಲ್ಲಿ ಕಾಣಲಿಲ್ಲ, ದಣಿದವಳಂತೆ ಕಂಡಳು.

"ಅಮ್ಮ, ಅವರ ಕಾಲು ಬಿದ್ದೋಗಿತ್ತು. ಕಂಬಿ ಇರೋ ಮಂಚ ಬೇಕಿತ್ತು, ನರ್ಸ್ ಬೇಕಿತ್ತು. ನಿಜ ಹೇಳಿದ್ರೆ ಒಬ್ಬರನ್ನೊಬ್ಬರು ತಬ್ಕೊಂಡು ಕೂತ್ಬಿಡ್ತೀರಿ, ಅಳ್ತೀರಿ, ಊಟ ಬಿಡ್ತೀರಿ. ಸಿಟ್ಟು ಬಂದ್ರೆ ಹೋಗೋರು ತಾವೇ ಗಂಟು ಕಟ್ಕೊಂಡು ಹೋಗ್ತಾರೆ. ನಾವು ಯಾವಾಗ್ಲೂ ಹೀಗೇ ಮಾಡೋದು. ನಿಮ್ಮಿಬ್ಬರ ಒಳ್ಳೇದಕ್ಕೇ."

"ನಿಜ ಹೇಳಿದ್ದಿದ್ರೆ ದಿನಾ ಮೇಲೆ ಹೋಗಿ ಬರ್ತಿದ್ನಲ್ಲೇ!" ನುಂಗಿಟ್ಟಿದ್ದ ದನಿಯೆಲ್ಲ ಒಟ್ಟಿಗೆ ಹೊರಬಂದು ಇಡೀ ಹಾಲ್ ನಡುಗಿತು. "ಅವಳ ಪಕ್ಕ ಕೂತಿರ್ತಿದ್ದೆ. ಗೊರಕೆ ಹೊಡಿ ಅಂತಿದ್ದೆ. ನಾವು ನಕ್ಕಿದ್ದನ್ನೇ ತಗೊಂಡು ನಮ್ಮಿಬ್ಬರಿಗೂ ಚುಚ್ಚಿದ್ಯಲ್ಲೇ ನೀನು!"

ಮೇಷ್ಟ್ರು ನಿಧಾನವಾಗಿ ತಲೆಯೆತ್ತಿದರು.

"ಹಾಗಾದ್ರೆ ನಮ್ಮ ಪೋಸ್ಟ್‌ಮ್ಯಾನು? ಚದುರಂಗದಲ್ಲಿ ನಾನು ಮೋಸ ಮಾಡ್ತೀನಿ ಅಂತ ಅವನು ಹೇಳ್ಲಿಲ್ವಾ?"

ಮೇಟ್ರನ್ ಮತ್ತೆ ಫೋನ್ ಕಿವಿಗಿಟ್ಟಳು. ಮೇಷ್ಟ್ರು ವಾಕರ್ ಎಳೆದುಕೊಂಡು ಎದ್ದರು. ಹೆಣಕ್ಕೆ ಕೈಮುಗಿದು ಲಿಫ್ಟಿನ ಕಡೆ ಹೊರಟರು. ಆ ಪೋಸ್ಟ್‌ಮ್ಯಾನ್ ಮೇಲಿನ ವಾರ್ಡಿನಲ್ಲಿ ಇನ್ನೂ ಬದುಕಿದ್ದ. ಕಂಡಕ್ಟರಮ್ಮನಿಗೆ ಮೇಷ್ಟ್ರ ಮೇಲೆ ಹೊಟ್ಟೆಕಿಚ್ಚಾಯಿತು. ಅಂಥ ಹೊಟ್ಟೆಕಿಚ್ಚು ಅವಳು ಜೀವಮಾನದಲ್ಲೇ ಪಟ್ಟಿರಲಿಲ್ಲ.

ಮಗಳು ಅವಳ ಮುಷ್ಟಿ ಬಿಡಿಸಿ, ಬಾಡಿದ ಹೂವನ್ನು ತೆಗೆದು ತಾಯಿಯ ಎದೆಯ ಮೇಲಿಟ್ಟಳು.

ವ್ಯಾನು ಬಂತು. ಇಲ್ಲಿಯವರು ಚಿತಾಗಾರಕ್ಕೆ ಹೋಗುವ ಹಾಗಿಲ್ಲ, ಬಿಪಿ ಏರುತ್ತದೆ ಎಂದು ಮೇಟ್ರನ್ ಅಂದಳು. ಕಂಡಕ್ಟರಮ್ಮ ಅವಳನ್ನು ತಿರುಗಿಯೂ ನೋಡದೆ ಬಾಗಿಲ ಕಂಬಿ ಹಿಡಿದು ಹತ್ತಿದಳು. ಗಾಡಿ ಹತ್ತುವುದನ್ನು ಅವಳ ಕಾಲು ಮರೆತಿರಲಿಲ್ಲ. ಮಗಳು ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಕೈಚೀಲದಿಂದ ಮಡಿಸಿದ ಬಟ್ಟೆಯೊಂದನ್ನು ಹೊರತೆಗೆದಳು.

"ಅಮ್ಮನ ದಿಂಬಿನ ಕೆಳಗಿತ್ತು. ಅವಳ ಅಳತೆಯದಲ್ಲ. ನಿಮ್ಮದಾ ನೋಡಿ."

ನೀಲಿ ನೈಟಿ. ಪಕ್ಕದಲ್ಲಿ ಜೇಬು ಕೂತಿತ್ತು. ಕಂಡಕ್ಟರಮ್ಮ ಅದನ್ನು ತೊಡೆಯ ಮೇಲೆ ಹಾಸಿಕೊಂಡು ಸವರಿದಳು.

"ಹೊರಡೋಣ್ವಾ?" ಡ್ರೈವರ್ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಾ ಕೇಳಿದ.

‘ರೈಟ್’ ಎಂಬ ಒಂದೇ ಒಂದು ಮಾತು ಹೇಳಬೇಕಿತ್ತು. ಬಾಯಿ ತೆರೆದವಳು ಅದನ್ನು ಹೇಳದೆ ಎಡಗೈಯನ್ನು ಜೇಬಿಗೆ ತೂರಿಸಿದಳು. ಕೈ ಎಲ್ಲೂ ನಿಲ್ಲದೆ ಕೆಳಗಿಳಿದು, ಬೆರಳುಗಳು ಆಚೆ ಬಂದವು. ಜೇಬಿನ ತಳ ಹೊಲಿದಿರಲಿಲ್ಲ. ಪಕ್ಕದ ಹೊಲಿಗೆ ಮುಗಿದಲ್ಲಿ, ದಾರದ ಸಮೇತ ಸೂಜಿ ಚುಚ್ಚಿದ ಹಾಗೇ ಇತ್ತು.