ಅಕ್ಕನ ಮನೆಯ ಇಳಿಜಾರು

ಬಡಾವಣೆ ಸಂಘದ ಕಾರ್ಯದರ್ಶಿಯನ್ನು ಬೆನ್ನ ಹಿಂದೆ ಎಲ್ಲರೂ ಟೇಪಮ್ಮ ಎನ್ನುತ್ತಿದ್ದರು. ಅಳತೆಯ ಟೇಪು ಹಿಡಿದು ಅವಳು ಬೀದಿಗಿಳಿದರೆ ಮುಗಿಯಿತು, ಕ್ರಯಪತ್ರದ ಷರತ್ತು ಮೀರಿ ಒಂದಂಗುಲ ಮುಂದೆ ಬಂದ ಮೆಟ್ಟಿಲೂ ಉಳಿಯುತ್ತಿರಲಿಲ್ಲ. ದೂರು ಕೊಟ್ಟವರು ಸಹಿ ಹಾಕಲೇಬೇಕು, ಅವರ ಹೆಸರು ಅವಳ ಬಾಯಿಂದ ಬೀಳಬಾರದು. ಇವೆರಡು ಅವಳದೇ ಕಟ್ಟಳೆ. ಮುಖ ನೋಡಿ ಮಣೆ ಹಾಕುವುದಂತೂ ಅವಳಿಗೆ ಗೊತ್ತೇ ಇರಲಿಲ್ಲ.

ಹಾಗಾಗಿ ಸ್ವಂತ ಅಕ್ಕನ ಮನೆಯ ಮೇಲೆ ದೂರು ಬಂದಾಗ ನೋಟಿಸನ್ನು ಅವಳೇ ಒಯ್ದಳು. ಗೇಟಿನ ಹೊರಗೆ ಸಿಮೆಂಟಿನ ಇಳಿಜಾರು ಕಾಲುದಾರಿಯ ಮೇಲೆ ಮೂರು ಅಡಿ ಚಾಚಿತ್ತು. ಬೆನ್ನುಮೂಳೆಗೆ ಪೆಟ್ಟಾಗಿ ಗಾಲಿಕುರ್ಚಿ ಸೇರಿದ್ದ ಭಾವನಿಗಾಗಿ ಅಕ್ಕ ತಾನೇ ನಿಂತು ಕಟ್ಟಿಸಿದ್ದು. ಅದು ಹೋದರೆ ಅವರಿಗೆ ನಾಲ್ಕು ಗೋಡೆಯೇ ಗತಿ.

"ನಿನ್ನ ಟೇಪು ಸುಡ್ಲಿ! ಯಾವುದೇ ಅದು, ದೂರು ಕೊಟ್ಟ ಹೊಟ್ಟೆಕಿಚ್ಚಿನ ಪ್ರಾಣಿ?" ಅಕ್ಕ ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಹೆಸರು ಹೇಳಲ್ಲ ಕಣಕ್ಕ. ಇದನ್ನ ಒಡೆಸ್ತೀನಿ, ಭಾವನ್ನೂ ಹೊರಗೆ ತರ್ತೀನಿ. ಒಂದು ವಾರ ಕೊಡು."

"ತಂಗಿ ಅಂತ ಒಳಗೆ ಬಿಟ್ಕೊಂಡೆ ನೋಡು, ನನಗೆ ಬುದ್ಧಿ ಇಲ್ಲ!"

ಹಜಾರದಲ್ಲಿ ಭಾವ ಪೇಪರಿನ ಹಿಂದೆ ಮುಖ ಮರೆಸಿ ಕೂತಿದ್ದರು. ಟೇಪಮ್ಮ ಟೇಪು ಬಿಚ್ಚಿ ಇಳಿಜಾರನ್ನು ಅಳೆದಳು. ಮೂರು ಅಡಿಯಲ್ಲಿ ಒಂದೂವರೆ ಅಡಿ ಇಳಿಯುವುದು ಇಳಿಜಾರಲ್ಲ, ಬಾವಿ. ಕುರ್ಚಿ ಇಳಿಸಲು ದಿನಾ ಇಬ್ಬರು ಬೇಕಾಗುತ್ತಿದ್ದರು. ಒಂದು ಅಡಿ ಇಳಿಯಲು ಹನ್ನೆರಡು ಅಡಿ ಉದ್ದ ಬೇಕು ಎಂಬ ಲೆಕ್ಕ ಅವಳಿಗೆ ಬಾಯಿಪಾಠ. ಮನೆಬಾಗಿಲಿನಿಂದ ಕಾಂಪೌಂಡಿನ ಒಳಗೇ ಗೋಡೆಗುಂಟ ಟೇಪು ಎಳೆದಳು. ಹದಿನೆಂಟು ಅಡಿ ಸರಿಯಾಗಿ ಸಿಕ್ಕಿತು, ನಡುವೆ ಅಕ್ಕನ ಗುಲಾಬಿ ಮಡಿ.

"ಗುಲಾಬಿ ಬೇಕಾ, ಗಂಡ ಬೇಕಾ?"

ಅಕ್ಕ ದುರುಗುಟ್ಟಿ ನೋಡಿದಳು. ಆಮೇಲೆ ತಾನೇ ಗುದ್ದಲಿ ತಂದಳು.

ವಾರ ಕಳೆಯುವಷ್ಟರಲ್ಲಿ ಹೊರಗಿನ ಇಳಿಜಾರು ಹೋಗಿ, ಒಳಗೆ ಹೊಸದರ ಸಿಮೆಂಟು ಗಟ್ಟಿಯಾಯಿತು. ಭಾವ ಬಾಗಿಲಿಗೆ ಬಂದರು. ಹಿಡಿಯಲು ಓಡಿದ ಅಕ್ಕನನ್ನು ಕೈ ಎತ್ತಿ ತಡೆದರು. ಗಾಲಿಗಳನ್ನು ತಾವೇ ತಿರುಗಿಸುತ್ತ, ಎಲ್ಲೂ ನಿಲ್ಲದೆ ಗೇಟಿಗೆ ಬಂದರು. ಅಕ್ಕನ ಕಣ್ಣು ತುಂಬಿತು.

"ದೂರು ಕೊಟ್ಟೋರು ಯಾರೇ ಆಗ್ಲಿ, ಅವರ ಹೊಟ್ಟೆ ತಣ್ಣಗಿರ್ಲಿ."

"ನಾನೇ ಕಣೇ," ಎಂದರು ಭಾವ. "ಮೂವತ್ತು ವರ್ಷ ಬಸ್ಸು ಓಡಿಸಿದೋನು ನಾನು. ದಿನಾ ಇಬ್ರು ಹಿಡ್ಕೊಂಡು ಮೂಟೆ ಥರ ಇಳಿಸ್ತಿದ್ರು. ನೀನು ಅಷ್ಟು ಆಸೆಯಿಂದ ಕಟ್ಟಿಸಿದ್ದು, ನಿನ್ನ ಮುಖ ನೋಡ್ಕೊಂಡು ಹೇಗೆ ಹೇಳ್ಲಿ?"

ಅಕ್ಕ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವರು ಬೀದಿಯ ತಿರುವು ದಾಟಿದ್ದರು, ಒಬ್ಬರೇ.